ಬೆಲ್ಲ ತಿನ್ನದ ಗೋಡೆ

ಜನ ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಮೊದಲು ಹೊಟ್ಟೆಕಿಚ್ಚು ಪಟ್ಟದ್ದು ಒಂದು ಗೋಡೆಯ ಮೇಲೆ. ಬೀದರ ಊರ ಹೊರಗಿನ ಬಯಲಲ್ಲಿ ನಿಂತ ಹಳೆಯ ಗುಮ್ಮಟದ ಗೋಡೆ ಅದು. ಒಳಗೆ ಮಲಗಿದವನು ರಾಜನೋ ಅವನ ಸರದಾರನೋ ಎಂಬುದರ ಬಗ್ಗೆ ಇವತ್ತಿಗೂ ತಕರಾರಿದೆ. ನನಗೆ ಆಗ ಗೊತ್ತಿದ್ದದ್ದು ಇಷ್ಟೇ. ನಾವು ಬರಗಾಲದಲ್ಲಿ ರೇಷನ್ನಿನ ಕೆಂಪು ಜೋಳದ ರೊಟ್ಟಿಯನ್ನು ಖಾರದ ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಾಗ ಆ ಗೋಡೆ ದಿನಾ ಬೆಲ್ಲ ತಿನ್ನುತ್ತಿತ್ತು.

ಉತ್ಪ್ರೇಕ್ಷೆ ಅಲ್ಲ ಇದು. ಹಳೆಯ ಗುಮ್ಮಟಕ್ಕೆ ಸಿಮೆಂಟು ಹಚ್ಚುವುದಿಲ್ಲ, ಸುಣ್ಣದ ಗಾರೆಯನ್ನೇ ಹಚ್ಚಬೇಕು. ಸುಣ್ಣ ಮತ್ತು ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಅಳಲೆಕಾಯಿ ಮತ್ತು ಬೆಲ್ಲ ನೆನೆಹಾಕಿದ ನೀರನ್ನು ಅದಕ್ಕೆ ಬೆರೆಸುತ್ತಿದ್ದರು. ಬೆಲ್ಲ ಬಿದ್ದರೆ ಗಾರೆ ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಇಲ್ಲದಿದ್ದರೆ ಒಣಗಿ ಬಿರಿದು ಬೀಳುತ್ತದೆ ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಅವರು ಬೀದರ ಕೋಟೆ ಕಡೆಯ ಮುದುಕ, ಮೂರು ತಲೆಮಾರಿನಿಂದ ಗಾರೆ ಕೆಲಸದವರು. ಹಚ್ಚಿದ ಮೇಲೆ ಗೋಡೆ ಒಣಗಬಾರದೆಂದು ಗೋಣಿ ತಟ್ಟು ಇಳಿಬಿಟ್ಟು ಮೂರು ಹೊತ್ತು ನೀರು ಹೊಡೆಯುತ್ತಿದ್ದೆವು. ನಾವು ಕುಡಿಯುವ ನೀರಿಗೆ ಮಾತ್ರ ಕೊಡ ಹಿಡಿದು ಸರತಿಯಲ್ಲಿ ನಿಲ್ಲಬೇಕಿತ್ತು. ಸತ್ತು ನೂರಾರು ವರ್ಷ ಕಳೆದವನ ಗೋಡೆಗೆ ಇಷ್ಟು ಮುದ್ದು ಯಾಕೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ನಮ್ಮೂರು ಭಾಲ್ಕಿ ತಾಲೂಕಿನ ಹಲಬರ್ಗಾದ ಹತ್ತಿರ. ಕುರಿ ಸಾಕುವ ಮನೆ, ಜೊತೆಗೆ ಮಳೆ ನಂಬಿದ ಎರಡು ತುಂಡು ಹೊಲ. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಅಪ್ಪ ಮತ್ತು ಕಾಕಾ ಕುರಿ ಹೊಡೆದುಕೊಂಡು ಹುಲ್ಲು ಇದ್ದ ಕಡೆ ಹೋದರು. ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ರೈಲು ಹತ್ತಿತು. ಅವ್ವ ಹತ್ತಲಿಲ್ಲ. ಗುಮ್ಮಟದ ರಿಪೇರಿಗೆ ಹೆಣ್ಣಾಳು ಬೇಕಂತೆ ಎಂಬ ಸುದ್ದಿ ಕೇಳಿ ನನ್ನನ್ನು ಕರೆದುಕೊಂಡು ಬೀದರಕ್ಕೆ ಬಂದಳು. ನನಗೆ ಹದಿನಾಲ್ಕು ವರ್ಷ. ಗುಮ್ಮಟದ ಹಿಂದೆ ತಟ್ಟು, ತಗಡು ಹೊದಿಸಿದ ಗುಡಿಸಲುಗಳಲ್ಲಿ ನಾವೆಲ್ಲ ಇದ್ದೆವು.

ಅವ್ವನ ಸೊಂಟದಲ್ಲಿ ಒಂದು ಕಲ್ಲಿತ್ತು. ಮಾಂಜ್ರಾ ನದಿಯಲ್ಲಿ ಸಿಕ್ಕಿದ್ದು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಕಪ್ಪು, ನುಣುಪು. ನಮ್ಮ ಅಜ್ಜಿ ಅದರಿಂದ ಹಗೇವಿನ, ಎಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಯ, ಒಳಗೋಡೆ ಉಜ್ಜುತ್ತಿದ್ದಳಂತೆ. ಬರಗಾಲದಲ್ಲಿ ಹಗೇವು ಖಾಲಿ, ಕಲ್ಲಿಗೂ ಕೆಲಸವಿರಲಿಲ್ಲ. ಗುಮ್ಮಟಕ್ಕೆ ಬಂದ ಮೂರನೇ ದಿನ ಅವ್ವ ಹಸಿ ಆರುತ್ತಿದ್ದ ಗಾರೆಯ ಮೇಲೆ ಆ ಕಲ್ಲು ಆಡಿಸಿದಳು. ಗೋಡೆ ಹೊಳೆಯಿತು. ಉಸ್ತಾದರು ಬೆರಳಿಂದ ಸವರಿ ನೋಡಿ, "ಇಷ್ಟು ದಿನಾ ಎಲ್ಲಿದ್ದಿ ತಾಯಿ?" ಎಂದರು. ಅಂದಿನಿಂದ ಅವ್ವನಿಗೆ ಬುಟ್ಟಿ ಹೊರುವ ಕೆಲಸ ತಪ್ಪಿತು. ಗೋಡೆ ಉಜ್ಜುವುದಷ್ಟೇ ಅವಳ ಕೆಲಸವಾಯಿತು. ಆ ಕಲ್ಲು ಒಂದು ದಿನ ನನ್ನ ಕೈಗೆ ಬರುತ್ತದೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವ್ವನಿಗೆ ಇದ್ದದ್ದು ನಾನೊಬ್ಬಳೇ ಮಗಳು.

ಆಗ ಬಂದಳು ಔರಾದ ಕಡೆಯ ಹುಡುಗಿ.

ನನ್ನದೇ ವಯಸ್ಸು. ತಾಯಿ ಇಲ್ಲ, ಸೋದರತ್ತೆಯ ಜೊತೆ ಬಂದಿದ್ದಳು. ಬೌದ್ಧರಾದ ದಲಿತರ ಮನೆ. ಮಾತಿನಲ್ಲಿ ಅರ್ಧ ಮರಾಠಿ. ಅವ್ವನನ್ನು ಮೊದಲ ದಿನವೇ 'ಮಾವಶಿ' ಎಂದು ಕರೆದಳು, ಚಿಕ್ಕಮ್ಮ ಅಂದ ಹಾಗೆ. ಅವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೆ ಆಗಲೇ ಮೈ ಉರಿಯಿತು.

ಅವ್ವ ನನಗೇ ಮೊದಲು ಕಲಿಸಿದಳು, ಅದನ್ನು ಹೇಳಲೇಬೇಕು. ಗಾರೆಗೆ ಬೆರಳು ಒತ್ತಿ, ಗುರುತು ಬೀಳದಷ್ಟು ಆರಿದಾಗ ಕಲ್ಲು ಹಿಡಿಯಬೇಕು. ಒಂದೇ ಸಮ, ಹಗುರ. ನಾನು ಐದು ನಿಮಿಷಕ್ಕೆ ಬೇಸತ್ತು ಜೋರಾಗಿ ತಿಕ್ಕಿದೆ. ಗೀರು ಬಿತ್ತು. ಅವ್ವ ಕಲ್ಲು ಕಸಿದುಕೊಂಡಳು.

"ನಿನ್ನ ಕೈಯಾಗ ಸಿಟ್ಟದ. ಗೋಡಿಗಿ ತಿಳೀತದ ಅದು."

ಪಕ್ಕದಲ್ಲಿ ನೀರು ಹೊಡೆಯುತ್ತಿದ್ದ ಔರಾದ ಹುಡುಗಿಯ ಕೈಗೆ ಸುಮ್ಮನೆ ಕೊಟ್ಟಳು, ನೋಡೋಣ ಅಂತ. ಆ ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ಕಲ್ಲು ಹಿಡಿದಳು. ಅರ್ಧ ತಾಸು ಅವಳು ಕತ್ತು ಎತ್ತಲಿಲ್ಲ. ಅವ್ವ ಉಸ್ತಾದರನ್ನು ಕೂಗಿ ಕರೆದಳು.

"ಈ ಪೋರಿ ಕೈ ನೋಡ್ರಿ. ಹಸುಗೂಸಿಗಿ ಎಣ್ಣಿ ಹಚ್ಚಿದಂಗ ಹಚ್ತದ."

ನನ್ನ ಕೈಯ ಬಗ್ಗೆ ಅವ್ವ ಅಂಥ ಮಾತು ಆಡಿದ್ದು ನನಗೆ ನೆನಪಿಲ್ಲ. ಅಲ್ಲಿಂದ ಆ ಹುಡುಗಿ ಅವ್ವನ ಪಕ್ಕ, ನಾನು ಉಗ್ರಾಣದ ಹತ್ತಿರ ಬೆಲ್ಲ ಒಡೆಯುವವಳು. ಮಧ್ಯಾಹ್ನ ಅವ್ವ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವಳಿಗೆ ಕೊಡುತ್ತಿದ್ದಳು. ಕೆಲವು ಹೆಂಗಸರು ಮೂಗು ಮುರಿದರು. ಅವಳ ಜಾತಿಯವರ ಕೊಡ ಬೇರೆ, ನಮ್ಮ ಕೊಡ ಬೇರೆ ಇದ್ದ ಕಾಲ ಅದು. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಮೂಗು ಮುರಿಯಲಿಲ್ಲ, ಆದರೆ ಅವರು ಮುರಿದಾಗ ನನಗೆ ಒಳಗೊಳಗೇ ಹಿತವಾಯಿತು. ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ಪಡುವಣ ಗೋಡೆಯಲ್ಲಿ ಮೇಲಿಂದ ಕೆಳಗೆ ಎರಡಾಳುದ್ದದ ಒಂದು ಪಟ್ಟಿಯ ಕೆಲಸ ಉಳಿದಿತ್ತು. ಉಸ್ತಾದರು ಅದನ್ನು ಪೂರ್ತಿ ಔರಾದ ಹುಡುಗಿಗೇ ಬಿಟ್ಟರು. ಅವಳೊಬ್ಬಳ ಕೆಲಸ. ಅವ್ವ ಸೊಂಟದಿಂದ ಕಲ್ಲು ತೆಗೆದು, ಆ ಪಟ್ಟಿ ಮುಗಿಯುವ ತನಕ ನಿನ್ನ ಹತ್ತಿರವೇ ಇರಲಿ ಎಂದು ಎಲ್ಲರ ಎದುರಿಗೆ ಅವಳ ಕೈಗಿಟ್ಟಳು. ಅವಳು ಅದನ್ನು ಹಣೆಗೆ ಒತ್ತಿಕೊಂಡಳು. ನಾನು ಉಗ್ರಾಣದ ಕಡೆ ನಡೆದೆ.

ಒಂದೊಂದು ಪಟ್ಟಿಗೆ ಒಂದೊಂದು ಗುಡಾಣದಲ್ಲಿ ಬೆಲ್ಲದ ನೀರು ನೆನೆಯಬೇಕು. ಉಸ್ತಾದರು ಉಂಡೆ ಕೊಡುತ್ತಾರೆ, ನಾನು ಒಡೆದು ಗುಡಾಣಕ್ಕೆ ಹಾಕುತ್ತೇನೆ. ಮಕ್ಕಳು ಕೈ ಹಾಕದಿರಲೆಂದೇ ಅಳಲೆಕಾಯಿಯನ್ನು ಮೊದಲೇ ಹಾಕಿಡುತ್ತಿದ್ದರು. ಅದು ಕಹಿ ಒಗರು, ನೀರೆಲ್ಲ ಕಪ್ಪು. ಬೆಲ್ಲ ಬಿತ್ತೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಇದು ತಿಳಿದವಳು ನಾನೊಬ್ಬಳೇ. ಆ ಪಡುವಣ ಪಟ್ಟಿಯ ಗುಡಾಣಕ್ಕೆ ನಾನು ಒಂದು ಚೂರು ಬೆಲ್ಲವನ್ನೂ ಹಾಕಲಿಲ್ಲ.

ಹಸಿದಿದ್ದೆ, ತಿಂದೆ ಎಂದು ಹೇಳಿಕೊಂಡರೆ ಯಾರೂ ನನ್ನನ್ನು ಬೈಯುವುದಿಲ್ಲ. ಬಹಳ ವರ್ಷ ನನಗೆ ನಾನು ಹಾಗೇ ಹೇಳಿಕೊಂಡೆ. ಆದರೆ ನಾನು ತಿಂದದ್ದು ಒಂದು ಉಂಡೆ. ಉಳಿದದ್ದನ್ನೆಲ್ಲ ಜಾಲಿ ಮರದ ಬುಡದಲ್ಲಿ ಹುಗಿದೆ. ಮರುದಿನ ಅಲ್ಲಿ ಇರುವೆಗಳ ಜಾತ್ರೆ. ಹಸಿದವಳು ಬೆಲ್ಲ ಹುಗಿಯುವುದಿಲ್ಲ. ಆ ಹುಡುಗಿಯ ಗೋಡೆ ಕೆಡಬೇಕಿತ್ತು ನನಗೆ, ಅಷ್ಟೇ.

ಆ ಸಂಜೆ ಅವ್ವ ನನ್ನ ತಲೆ ಬಾಚುತ್ತ ಮುಖ ಹತ್ತಿರ ತಂದವಳು ಬಾಚಣಿಗೆ ನಿಲ್ಲಿಸಿದಳು. "ಏನಬೇ?" ಎಂದೆ. "ಏನಿಲ್ಲ, ಹೇನದಾವ" ಎಂದಳು.

ಪಟ್ಟಿ ಹಚ್ಚಿದರು. ಔರಾದ ಹುಡುಗಿ ನಾಲ್ಕು ದಿನ ಅದಕ್ಕೇ ಅಂಟಿಕೊಂಡಳು. ಎಂಥ ಹೊಳಪು ಬಂತೆಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ನನಗೆ ಉಸ್ತಾದರ ಮಾತೇ ಸುಳ್ಳೇನೋ ಅನಿಸಿತು. ತಟ್ಟು ತೆಗೆದ ದಿನ ಮೊದಲ ಬಿರುಕು ಕಂಡಿತು. ಸಂಜೆಗೆ ಕವಲೊಡೆಯಿತು. ಮರುದಿನ ಬಿಸಿಲೇರುತ್ತಿದ್ದಂತೆ ಮೇಲಿಂದ ಕೆಳಗಿನ ತನಕ ಗಾರೆ ಹಪ್ಪಳ ಎದ್ದು, ಒಂದೊಂದೇ ಚಕ್ಕೆ ಕಳಚಿ ಬಿತ್ತು. ಒಳಗಿನ ಕರಿಕಲ್ಲು ಬಯಲಾಯಿತು.

"ಅರೇ, ಹಸಿ ಇದ್ದಾಗೇ ಕಲ್ಲು ಆಡಿಸಿದಿ ಏನು? ಪೂರಾ ಖರಾಬ್ ಮಾಡಿದಿ!" ಉಸ್ತಾದರು ತಲೆಯ ಮೇಲೆ ಕೈ ಹೊತ್ತರು.

"ಇಲ್ರಿ ಉಸ್ತಾದ. ಬೆರಳು ಒತ್ತಿ ನೋಡೇ ಹಚ್ಚೀನ್ರಿ." ಅವಳು ಅವ್ವನ ಕಡೆ ತಿರುಗಿದಳು. "ಮಾವಶಿ, ನೀವಾದ್ರೂ ಹೇಳ್ರಿ."

ಅವ್ವ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಏನೂ ಹೇಳಲಿಲ್ಲ. ಮೂಗು ಮುರಿದಿದ್ದ ಹೆಂಗಸರು ಬಾಯಿ ಬಿಟ್ಟರು, ಆ ಕೈ ಗೋಡೆಗೆ ಯಾಕೆ ಹಚ್ಚಿಸಬೇಕಿತ್ತು ಎಂದರು. ಹುಡುಗಿ ಕಲ್ಲನ್ನು ಅವ್ವನ ಮುಂದೆ ನೆಲದ ಮೇಲಿಟ್ಟಳು. ಎರಡು ದಿನದಲ್ಲಿ ಅವಳೂ ಅವಳ ಅತ್ತೆಯೂ ಹೈದರಾಬಾದಿಗೆ ಹೊರಟರು. ಅವ್ವ ಅವಳ ಹಿಂದೆ ಓಡಲಿಲ್ಲ. ಅವ್ವನಿಗೂ ಅವಳು ಬೇಡವಾದಳು ಎಂದುಕೊಂಡು ನಾನು ಆ ದಿನ ಹೊಟ್ಟೆ ತುಂಬಿದವಳ ಹಾಗೆ ಮಲಗಿದೆ.

ಕೆಲವೇ ವಾರದಲ್ಲಿ ಮಳೆ ಹಿಡಿಯಿತು. ಬರಗಾಲದ ಕೆಲಸ ನಿಂತಿತು. ಆ ಪಟ್ಟಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ನಾವು ಊರಿಗೆ ಮರಳಿದೆವು, ಅಪ್ಪನೂ ಉಳಿದಷ್ಟು ಕುರಿಗಳ ಜೊತೆ ಮರಳಿದ. ಮರುವರ್ಷ ಬಿತ್ತನೆಯ ಮೊದಲು ಅವ್ವ ಬೀಜ ತರುತ್ತೇನೆಂದು ಭಾಲ್ಕಿಗೆ ಹೋದಳು. ಬೆಳಿಗ್ಗೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು, ಚೀಲ ಖಾಲಿ. ಬೀಜ ಛಲೋ ಇರಲಿಲ್ಲ ಎಂದಳು. ಅಂದಿನಿಂದ ಅವಳ ಸೊಂಟದಲ್ಲಿ ಕಲ್ಲೂ ಕಾಣಲಿಲ್ಲ. ಕೇಳಿದರೆ, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಜಾರಿ ಹೋಯಿತು ಎಂದಳು. ನಾನು ಎಷ್ಟೋ ಬೇಸಿಗೆ ಆ ಮಡುವಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಹುಡುಕಿದ್ದೇನೆ.

ಸಾಲಿ ಕಲಿತೆ, ಟೀಚರ್ ಆದೆ, ಎಲ್ಲರ ಬಾಯಲ್ಲಿ 'ಅಕ್ಕೋರು' ಆದೆ, ಸಾಯಗಾಂವದಿಂದ ಹಿಡಿದು ಬೀದರದ ತನಕ ಹತ್ತು ಊರಲ್ಲಿ ಕಲಿಸಿ ನಿವೃತ್ತಳಾದೆ. ಈಗ ನೌಬಾದಿನಲ್ಲಿ ಮನೆ. ಅವ್ವ ಹೋಗಿ ಬಹಳ ವರ್ಷವಾಯಿತು. ಈ ನಡುವೆ ಗುಮ್ಮಟಕ್ಕೆ ಶುಕ್ರದೆಸೆ ಬಂತು. ಸುತ್ತ ತಂತಿ ಬೇಲಿ, ಹುಲ್ಲುಹಾಸು, ಕಾವಲುಗಾರ. ನೋಡಲು ಬಂದವರೆಲ್ಲ ನೇರ ಪಡುವಣ ಗೋಡೆಗೇ ಹೋಗುತ್ತಾರೆ. ಹೊಳೆಯುವ ಬಿಳಿ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಕವಲೊಡೆದ ಕಪ್ಪು ಗಾಯ. ಒಂದು ಗುಂಪು, ಅದು ಸಿಡಿಲು, ಒಳಗಿರುವವನು ಪಾಪಿ, ದೇವರು ಕೊಟ್ಟ ಶಿಕ್ಷೆ ಎಂದಿತು. ಇನ್ನೊಂದು ಗುಂಪು, ಅದು ತೋಪಿನ ಗುಂಡು, ನಮ್ಮವರು ಹೊಡೆದದ್ದು, ಅದನ್ನು ಮುಚ್ಚಿದರೆ ಹುಷಾರ್ ಎಂದಿತು. ಪತ್ರಿಕೆಗೆ ಪತ್ರಗಳು ಹೋದವು. ಒಂದು ವರ್ಷ ಅದರ ಮುಂದೆ ಮಾಲೆಯನ್ನೂ ಹಾಕಿದರು.

ನನಗೆ ಏನಾಯಿತು ಗೊತ್ತೇ? ಪಶ್ಚಾತ್ತಾಪ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಹೊಸದು ಹಳೆಯದರಲ್ಲಿ ಕರಗಿ ಹೋಗಬೇಕು, ಅದೇ ಒಳ್ಳೆಯ ಕೆಲಸ ಎಂದು ಉಸ್ತಾದರು ಹೇಳುತ್ತಿದ್ದರು. ನನ್ನ ಅವ್ವ ಉಜ್ಜಿದ ಮೂರು ಗೋಡೆ ಹಾಗೆ ಕರಗಿ ಹೋಗಿವೆ. ಯಾವುದು ಸುಲ್ತಾನರ ಕಾಲದ್ದು, ಯಾವುದು ಹಲಬರ್ಗಾದ ಕಡೆಯ ಕುರುಬರ ಹೆಂಗಸಿನದು ಎಂದು ಪುರಾತತ್ವ ಇಲಾಖೆಯವರಿಗೇ ಹೇಳಲು ಬರುವುದಿಲ್ಲ. ಆ ಔರಾದ ಹುಡುಗಿಯ ಬಿದ್ದುಹೋದ ಪಟ್ಟಿಗೆ ಮಾತ್ರ ಕಬ್ಬಿಣದ ಕಟಾಂಜನ, ಫೋಟೋ, ಜಗಳ, ಹೂಮಾಲೆ. ಕೆಡಿಸಿದ್ದು ನಾನು, ಹೆಸರು ಬಂದದ್ದು ಅವಳ ಗೋಡೆಗೆ. ನಿಂತ ನೆಲದ ಮೇಲೆ ಕಾಲು ಕುಟ್ಟಬೇಕು ಅನಿಸುತ್ತಿತ್ತು.

ಕೊನೆಗೆ ಇಲಾಖೆಯವರು ಫಲಕ ಹಾಕುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಲು ಗುಮ್ಮಟದ ಎದುರು ಬೇವಿನ ಮರದ ಕೆಳಗೆ ಒಂದು ಸಭೆ ಕರೆದರು. ನಾನೂ ಹೋದೆ. ಸಿಡಿಲಿನವರು ಕೂಗಿದರು, ತೋಪಿನವರು ಕುರ್ಚಿ ಎತ್ತಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಸಿಡಿಲೂ ಅಲ್ಲ, ತೋಪೂ ಅಲ್ರಿ. ಗಾರಿಗಿ ಬೆಲ್ಲ ಬಿದ್ದಿರಲಿಲ್ಲ. ಬರಗಾಲದಾಗ ನಾ ಇಲ್ಲೇ ಕೆಲಸಕ್ಕಿದ್ದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ನಗು. ಜಗಳವಾಡುತ್ತಿದ್ದ ಎರಡೂ ಗುಂಪು ಅಂದು ಮೊದಲ ಸಲ ಒಟ್ಟಿಗೆ ನಕ್ಕವು. "ಅಕ್ಕೋರ, ನೀವು ಕುಂದರ್ರಿ. ಬಿಸಿಲು ಭಾಳ ಅದ" ಎಂದ ಒಬ್ಬ. ಅವನಿಗೆ ಮಗ್ಗಿ ಕಲಿಸಿದ್ದು ನಾನೇ. ಅಧಿಕಾರಿಗಳು ನನ್ನ ಮಾತನ್ನು ಬರೆದುಕೊಳ್ಳಲೂ ಇಲ್ಲ. 'ಸಿಡಿಲು ಅಥವಾ ಯುದ್ಧದಿಂದ ಹಾನಿಯಾದದ್ದೆಂದು ಪ್ರತೀತಿ' ಎಂದು ಎರಡೂ ಕಡೆಯವರಿಗೆ ಸಮಾಧಾನವಾಗುವಂತೆ ಫಲಕ ಬಂತು.

ಸಭೆ ಮುಗಿದ ಮೇಲೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಒಬ್ಬ ಹುಡುಗಿ ನನ್ನ ಹಿಂದೆಯೇ ಬಂದಳು.

"ಅಕ್ಕೋರ, ನಮ್ಮ ಆಯಿನೂ ಇದೇ ಹೇಳ್ತಾಳ್ರಿ. ಬೆಲ್ಲ ಇರಲಿಲ್ಲ ಅಂತ. ಮುಪ್ಪಿನಾಗ ಏನೋ ಅಂತಾಳ ಅಂದ್ಕೊಂಡಿದ್ವಿ."

"ನಿಮ್ಮಜ್ಜಿ ಎಲ್ಲಿರ್ತಾರವಾ?"

"ಔರಾದದಾಗ ರಿ."

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಊರ ಅಂಚಿನಲ್ಲಿ ಎರಡು ಅಂತಸ್ತಿನ ಮನೆ, ಬಾಗಿಲ ಮೇಲೆ ಐದು ಬಣ್ಣದ ಪಂಚಶೀಲ ಧ್ವಜ. ಕಟ್ಟೆಯ ಮೇಲೆ ಕುಳಿತ ಬಿಳಿಗೂದಲಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರ್ರಿ ಅಕ್ಕೋರ" ಎಂದಳು. ಒಂದು ತಂಬಿಗೆ ನೀರು ಕೊಟ್ಟಳು. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಯಾವ ಮನೆಯಲ್ಲೂ ಬರಿ ನೀರು ಕೊಡುವುದಿಲ್ಲ, ಜೊತೆಗೆ ಬೆಲ್ಲ ಇಡುತ್ತಾರೆ. ಅವಳು ಇಡಲಿಲ್ಲ. ಅವಳಿಗೆ ನನ್ನ ಗುರುತು ಹತ್ತಿದೆ ಎಂದು ನನಗೆ ಅದರಿಂದಲೇ ತಿಳಿಯಿತು.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಆ ಬೆಲ್ಲ ನಾ ಹಾಕಿರಲಿಲ್ಲ" ಎಂದೆ.

"ಗೊತ್ತದ."

"ಯಾವಾಗಿಂದ?"

"ಮರುವರ್ಷದಿಂದ. ನಾವು ಹೈದರಾಬಾದದಿಂದ ತಿರುಗಿ ಬಂದಿದ್ವಿ. ನಿಮ್ಮವ್ವ ಕೇಳ್ಕೋತ ಕೇಳ್ಕೋತ ಇಲ್ಲಿಗಿ ಬಂದ್ಳು. ಕೈಯಾಗ ಖಾಲಿ ಚೀಲ. ಈಗ ನೀ ಕುಂತ ಜಾಗದಾಗೇ ಕುಂತಿದ್ಳು."

'ರಿ' ಬಿಟ್ಟು 'ನೀ' ಎಂದಳು. ನನಗೆ ಅದು ಸರಿ ಅನಿಸಿತು. ನಮ್ಮಿಬ್ಬರ ನಡುವೆ ಅಕ್ಕೋರತನಕ್ಕೆ ಏನು ಜಾಗ.

"ಏನಂದ್ಳು?"

"ಭಾಳ ಅತ್ಳು. ಮಗಳ ಬಾಯಾಗ ಬೆಲ್ಲದ ವಾಸನಿ ಬಂದಿತ್ತು, ಆದ್ರ ಎಲ್ಲಿ ಕದ್ದಾಳ ಅಂತ ಹೊಳೀಲಿಲ್ಲ, ಗಾರಿ ಬಿದ್ದಾಗ ಹೊಳೀತು ಅಂದ್ಳು. ಉಸ್ತಾದನ ಮುಂದ ಹೇಳಿದ್ರ ನನ್ನ ಮಗಳ ಮಾನ ಹೋಗ್ತಿತ್ತು, ಅದಕ್ಕ ನಿನ್ನ ಮಾನ ಹೋಗಗೊಟ್ಟೆ, ನಾ ಬಾಯಿ ಮುಚ್ಕೊಂಡು ಕುಂತೆ ಅಂದ್ಳು."

ಇಷ್ಟು ವರ್ಷ ನಾನು ಏನು ನಂಬಿ ಉರಿದೆ? ಅವ್ವನಿಗೆ ನನಗಿಂತ ಅವಳೇ ಹೆಚ್ಚು ಎಂದು. ಆ ದಿನ ಗೋಡೆಯ ಮುಂದೆ ಆ ಹುಡುಗಿ 'ಮಾವಶಿ' ಎಂದು ಕೂಗಿದಾಗ ಅವ್ವ ನನ್ನ ಕೈ ಹಿಡಿದಿದ್ದಳು. ನನಗೆ ಗೊತ್ತಾಗದ ಹಾಗೆ, ಅವಳ ಕೈ ಬಿಟ್ಟು. ಮನೆಗೆ ಬಂದು ಒಂದು ದಿನವೂ ನನ್ನನ್ನು ಬೈಯಲಿಲ್ಲ, ಒಂದು ಏಟು ಹೊಡೆಯಲಿಲ್ಲ. ಆ ಏಟು ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅನಿಸಿತು.

ಅವಳು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಮಾಂಜ್ರಾದ ಕಪ್ಪು ಕಲ್ಲು. ನಾನು ಬೇಸಿಗೆ ಬೇಸಿಗೆ ನೀರಲ್ಲಿ ಹುಡುಕಿದ ಕಲ್ಲು.

"ನಿಮ್ಮವ್ವ ಕೊಟ್ಟಿದ್ದು. ಈ ಮನಿ ಗೋಡಿ ಎಲ್ಲ ಇದರಿಂದನೇ ನಾ ಉಜ್ಜೀನಿ. ಬೀದರದಾಗ, ಹೈದರಾಬಾದದಾಗ ಎಷ್ಟು ಹಳೇ ಮನಿ ಉಜ್ಜೀನಿ ಲೆಕ್ಕ ಇಲ್ಲ. ಒಂದೂ ಬಿದ್ದಿಲ್ಲ."

ನಾನು ಕೈ ಚಾಚಿದೆ. ಅವಳು ನನ್ನ ಅಂಗೈಯಲ್ಲಿಟ್ಟಳು. ಕಲ್ಲು ಅವಳ ಕೈಯ ಬಿಸಿಗೆ ಬೆಚ್ಚಗಿತ್ತು. ನಾಚಿಕೆ ಬಿಟ್ಟು ಕೇಳಿದೆ.

"ಇದು ನಂಗ ಕೊಡ್ತೀಯೇನು? ನಮ್ಮ ಅಜ್ಜಿದು. ಅವ್ವನದು ಅಂತ ನನ್ನ ಹತ್ರ ಒಂದು ಚಿಂದಿನೂ ಉಳದಿಲ್ಲ."

ಅವಳು ನನ್ನ ಕೈಯಿಂದ ಕಲ್ಲು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಕೊಡಂಗಿಲ್ಲ. ಅವ್ವ ನಿನಗ, ಕಲ್ಲು ನನಗ. ಹಂಚಿಕಿ ನಿಮ್ಮವ್ವನೇ ಮಾಡಿ ಹೋಗ್ಯಾಳ."

ಇಲಾಖೆಗೆ ಅರ್ಜಿ ಬರೆಯುತ್ತೇನೆ, ಆ ಫಲಕ ತೆಗೆಸುತ್ತೇನೆ ಎಂದೆ. ಅವಳು ಕೈ ಆಡಿಸಿದಳು.

"ಫಲಕ ಇರ್ಲಿ ಬಿಡು. ಸಿಡಿಲಿಗಿ ಯಾವ ಜಾತಿ ಕೈ ಅಂತ ಯಾರೂ ಕೇಳಂಗಿಲ್ಲ, ನನಗ ಕೇಳಿದ್ರು. ನೀ ಸಾಲಿ ಕಲಿಸಿದಾಕಿ. ಎಲ್ಲ್ಯಾರ ಬರಿ. ನನ್ನ ಕೈ ಕೆಟ್ಟಿರಲಿಲ್ಲ ಅಂತ ಬರಿ. ಅಷ್ಟು ಮಾಡು."

ಮಾಡುತ್ತೇನೆ ಎಂದೆ. ಅವಳ ಕೈ ಕೆಟ್ಟಿರಲಿಲ್ಲ. ಆ ಪಟ್ಟಿ ಬೀಳುವ ಮೊದಲಿನ ನಾಲ್ಕು ದಿನ ನಾನು ನೋಡಿದ ಹೊಳಪನ್ನು ಅವ್ವನ ಗೋಡೆಯಲ್ಲೂ ನಾನು ನೋಡಿಲ್ಲ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಸ್ವಲ್ಪ ಉರಿಯುತ್ತಿದೆ, ಆದರೂ ಬರೆದಿದ್ದೇನೆ.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವಳು ನಿಲ್ಲು ಎಂದು ಸನ್ನೆ ಮಾಡಿ, ಸೊಸೆಯನ್ನು ಕೂಗಿ ಏನೋ ತರಿಸಿದಳು. ನನ್ನ ಅಂಗೈ ಬಿಡಿಸಿ, ಈಗಷ್ಟೇ ಕಲ್ಲು ಇದ್ದ ಜಾಗದಲ್ಲಿ ಒಂದು ಉಂಡೆ ಬೆಲ್ಲ ಇಟ್ಟಳು.

"ತಿನ್ನು. ಅವತ್ತ ಕೇಳಿದ್ರ ನಾನೇ ಕದ್ದು ತಂದು ಕೊಡ್ತಿದ್ದೆ."

ನಾನು ಅಲ್ಲೇ ನಿಂತು ಪೂರ್ತಿ ತಿಂದೆ. ಕಣ್ಣು ಮಾತ್ರ ಅವಳ ಮಡಿಲಲ್ಲಿದ್ದ ಕಲ್ಲಿನ ಮೇಲೆಯೇ ಇತ್ತು.